ಟ್ರೌಟ್‌ಗೆ ಕಾವ್ಯ, ಬ್ಯಾಸ್‌ಗೆ ವಿಡಂಬನೆ

ತೇಜಸ್ವಿಯವರನ್ನು ಓದಿ ಬೆಳೆದವರಿಗೆ ಗಾಳ ಹಿಡಿದು ಕೂತ ಮನುಷ್ಯ ಸಾಹಿತ್ಯದ ವಸ್ತುವಾಗಬಲ್ಲ ಎಂದು ಹೊಸದಾಗಿ ಹೇಳಬೇಕಿಲ್ಲ. ಆದರೆ ಅದೇ ಮನುಷ್ಯ ಬಹುಮಾನದ ಹಣಕ್ಕಾಗಿ, ಗಡಿಯಾರ ನೋಡಿಕೊಂಡು, ಮೋಟಾರು ದೋಣಿಯಲ್ಲಿ ಸರೋವರದ ಈ ದಡದಿಂದ ಆ ದಡಕ್ಕೆ ಧಾವಿಸುತ್ತಾ ಮೀನು ಹಿಡಿದರೆ? ಅವನ ಕಲಿಕೆಗೂ ಸಾಹಿತ್ಯದಲ್ಲಿ ಜಾಗವಿದೆಯೇ? ಅಮೆರಿಕದ ಬ್ಯಾಸ್ ಮೀನಿನ ಸ್ಪರ್ಧೆಗಳ ಸುತ್ತ ಹೆಣೆದ ಕಾರ್ಲ್ ಹಯಾಸನ್ ಅವರ ‘ಡಬಲ್ ವ್ಯಾಮಿ’ (1987) ಕಾದಂಬರಿಯನ್ನು ಮತ್ತೊಮ್ಮೆ ಓದಿದಾಗ ನನ್ನನ್ನು ಕಾಡಿದ ಪ್ರಶ್ನೆ ಇದು.

ಇಂಗ್ಲಿಷಿನಲ್ಲಿ ಗಾಳದ ಸಾಹಿತ್ಯವೆಂದರೆ ಮೂಲತಃ ಕಲಿಕೆಯ ಸಾಹಿತ್ಯ. ಐಸಾಕ್ ವಾಲ್ಟನ್‌ನ ‘ದಿ ಕಂಪ್ಲೀಟ್ ಆಂಗ್ಲರ್’ (1653) ಗುರು-ಶಿಷ್ಯರ ಸಂವಾದ. ನಡೆಯುತ್ತ, ಉಣ್ಣುತ್ತ, ಹಾಡುತ್ತ ವಿದ್ಯೆ ಕೈಯಿಂದ ಕೈಗೆ ದಾಟುತ್ತದೆ. ಅಲ್ಲಿ ಯಾರಿಗೂ ಅವಸರವಿಲ್ಲ. ನಾರ್ಮನ್ ಮ್ಯಾಕ್ಲೀನ್ ಅವರ ‘ಎ ರಿವರ್ ರನ್ಸ್ ಥ್ರೂ ಇಟ್’ (1976) ಕಥನದಲ್ಲಿ ಪಾದ್ರಿಯಾದ ತಂದೆ ಇಬ್ಬರು ಮಕ್ಕಳಿಗೆ ಗಾಳ ಬೀಸುವುದನ್ನು ನಾಲ್ಕು ಎಣಿಕೆಯ ತಾಳದಲ್ಲಿ ಕಲಿಸುತ್ತಾನೆ. ಕಿರಿಯವನಾದ ಪಾಲ್ ಆ ತಾಳವನ್ನು ಮೀರಿ ತನ್ನದೇ ಬೀಸು ಕಂಡುಕೊಳ್ಳುತ್ತಾನೆ. ಆದರೆ ಆ ವಿದ್ಯೆ ಅವನನ್ನು ಸಾವಿನಿಂದ ಉಳಿಸುವುದಿಲ್ಲ. ಕಲಿಕೆಯ ಸೊಬಗನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸಿದ್ದು ಆ ಕೃತಿಯ ದೊಡ್ಡತನ. ಆದರೆ ಅಲ್ಲೇ ಒಂದು ತಿರಸ್ಕಾರವೂ ಇದೆ. ಡಬ್ಬಿಯಲ್ಲಿ ಎರೆಹುಳು ತುಂಬಿಕೊಂಡು ಬರುವ ಭಾವಮೈದುನ ನೀಲ್ ನಗೆಪಾಟಲಿನ ಪಾತ್ರ. ನೊಣದಂಥ ಕೃತಕ ಎರೆ ಕಟ್ಟಿ ಟ್ರೌಟ್ ಹಿಡಿಯುವವನು ಸಾಧಕ. ಉಳಿದವರು ಒಂದು ಮೆಟ್ಟಿಲು ಕೆಳಗೆ.

ಬ್ಯಾಸ್ ಮೀನಿನವರು ಈ ಶ್ರೇಣಿಯಲ್ಲಿ ಇನ್ನೂ ಕೆಳಗಿನವರು. ರೇ ಸ್ಕಾಟ್ ಎಂಬ ಅಲಬಾಮಾದ ವಿಮಾ ಏಜೆಂಟ್ 1967ರಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ ಮೊದಲ ದೊಡ್ಡ ಪಂದ್ಯ ನಡೆಸಿ, ಮರುವರ್ಷ ಬ್ಯಾಸ್ ಗಾಳಗಾರರ ಸಂಘ ಕಟ್ಟಿದ. ಇಂದು ಸಾಮಾನ್ಯವಾಗಿ ಐದು ಮೀನುಗಳ ಒಟ್ಟು ತೂಕವೇ ಗೆಲುವನ್ನು ನಿರ್ಧರಿಸುತ್ತದೆ. ಮೀನು ಸತ್ತರೆ ತೂಕ ಕಡಿತ. ಹಯಾಸನ್ ಈ ಲೋಕವನ್ನು ನೋಡುವುದು ಫ್ಲಾರಿಡಾದ ಪತ್ರಕರ್ತನ ಕಣ್ಣಿನಿಂದ. ಛಾಯಾಗ್ರಾಹಕನಾಗಿದ್ದು ಪತ್ತೇದಾರನಾದ ಡೆಕರ್‌ಗೆ, ಟಿ.ವಿ. ತಾರೆಯಾದ ಗಾಳಗಾರ ಡಿಕಿ ಲಾಕ್‌ಹಾರ್ಟ್ ಮೋಸ ಮಾಡುತ್ತಿದ್ದಾನೆಂದು ಸಾಬೀತುಪಡಿಸುವ ಕೆಲಸ ಸಿಗುತ್ತದೆ. ಮೋಸದ ದಾರಿ ಸರಳ: ಮೊದಲೇ ಹಿಡಿದ ಮೀನುಗಳನ್ನು ನೀರಡಿಯ ಪಂಜರದಲ್ಲಿ ಬಚ್ಚಿಟ್ಟು, ಪಂದ್ಯದ ದಿನ ಎತ್ತಿಕೊಳ್ಳುವುದು. ಡೆಕರ್‌ಗೆ ಜೊತೆಯಾಗುವವನು ಸ್ಕಿಂಕ್. ಲಂಚಕ್ಕೆ ಬಗ್ಗದೆ ಗವರ್ನರ್ ಪದವಿಯನ್ನೇ ಬಿಟ್ಟು ಕಾಡು ಸೇರಿದ, ರಸ್ತೆಯಲ್ಲಿ ಸತ್ತ ಪ್ರಾಣಿಗಳನ್ನು ತಿಂದು ಬದುಕುವ ಮನುಷ್ಯ. ಇತ್ತ ಟಿ.ವಿ. ಧರ್ಮಬೋಧಕನೊಬ್ಬ ‘ಲಂಕರ್ ಲೇಕ್ಸ್’ ಎಂಬ ಬಡಾವಣೆ ಕಟ್ಟುತ್ತಾನೆ. ಅದರ ಕೃತಕ ಸರೋವರದ ನೀರು ಎಷ್ಟು ವಿಷವೆಂದರೆ ತಂದು ಬಿಟ್ಟ ಮೀನುಗಳು ಬದುಕುವುದಿಲ್ಲ.

ವಿಡಂಬನೆಯಾಗಿ ಇದು ಗೆದ್ದ ಕೃತಿ. ಕಳ್ಳ ಮೀನು, ಸುಳ್ಳು ಸರೋವರ, ಮಾರಾಟದ ಭಕ್ತಿ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತವೆ. ನೆಲ ನುಂಗುವವರ ಮೇಲಿನ ಲೇಖಕರ ಕೋಪ ನಿಜವಾದದ್ದು. ನನ್ನ ತಕರಾರು ಬೇರೆ. ಮೋಸವೆಂದರೆ ಕಲಿಕೆಯನ್ನು ಬಿಟ್ಟು ಫಲವನ್ನಷ್ಟೇ ಪಡೆಯುವುದು. ಏನನ್ನು ಬಿಡಲಾಯಿತು ಎಂಬುದು ತಿಳಿಯದಿದ್ದರೆ ಕಳೆದುಕೊಂಡದ್ದರ ಬೆಲೆ ಓದುಗನಿಗೆ ಹೇಗೆ ತಿಳಿಯಬೇಕು? ಪಂದ್ಯದಲ್ಲಿ ಪ್ರಾಮಾಣಿಕವಾಗಿ ಗೆಲ್ಲಲು ಒಬ್ಬ ಏನೇನು ಕಲಿಯಬೇಕಾಗುತ್ತದೆ ಎಂಬುದಕ್ಕೆ ಕಾದಂಬರಿ ಮನಸ್ಸು ಕೊಡುವುದೇ ಇಲ್ಲ. ನಾವು ಡಿಕಿಯನ್ನು ನೋಡಿ ನಗುತ್ತೇವೆ, ಆದರೆ ಆ ನಗು ಸದ್ದಿಲ್ಲದೆ ಇಡೀ ಸಮುದಾಯದ ಮೇಲೆ ಹರಡುತ್ತದೆ.

ಕಾದಂಬರಿ ಬಿಟ್ಟ ಕಥೆ ಇತಿಹಾಸದಲ್ಲಿದೆ. ಕ್ಯಾಲಿಫೋರ್ನಿಯಾದ ಡೀ ಥಾಮಸ್ ಸುಮಾರು ಹನ್ನೆರಡು ಅಡಿಯ ಕೋಲಿನಿಂದ ಜೊಂಡಿನ ಸಂದುಗಳಿಗೆ ಎರೆಯನ್ನು ಸದ್ದಿಲ್ಲದೆ ಇಳಿಸಿ ಮೀನು ಹಿಡಿಯುತ್ತಿದ್ದ. ಅದು ಹಳೆಯ ಜನಪದ ವಿದ್ಯೆ. ಉದ್ದದ ಕೋಲಿಗೆ ಇತರ ಸ್ಪರ್ಧಿಗಳು ತಕರಾರು ತೆಗೆದರು. ಥಾಮಸ್ ಜಗಳಕ್ಕೆ ನಿಲ್ಲದೆ ಕೋಲನ್ನು ಏಳೂವರೆ ಅಡಿಗೆ ಇಳಿಸಿದ. ಕಡಿಮೆಯಾದ ಉದ್ದವನ್ನು ಕೈಯಲ್ಲಿ ದಾರ ಎಳೆದು ಬಿಡುವ ಲಯದಿಂದ ತುಂಬಿಕೊಂಡ. ಇಂದು ‘ಫ್ಲಿಪ್ಪಿಂಗ್’ ಎನ್ನುವುದು ಇದನ್ನೇ. 1975ರಲ್ಲಿ ಅರ್ಕಾನ್ಸಾದ ಬುಲ್ ಶೋಲ್ಸ್‌ನಲ್ಲಿ ಅವನು ಗೆದ್ದ ಮೇಲೆ, ದೂರಕ್ಕೆ ಎಸೆಯುವುದೇ ವಿದ್ಯೆ ಎಂದುಕೊಂಡಿದ್ದವರು ಹತ್ತಿರಕ್ಕೆ ಇಳಿಸುವುದನ್ನು ಕಲಿತರು. ನಿರ್ಬಂಧವೇ ಇಲ್ಲಿ ಹೊಸ ರೂಪವನ್ನು ಹುಟ್ಟಿಸಿತು.

ಇನ್ನೊಬ್ಬ ಜಪಾನಿನ ತಕಾಹಿರೊ ಒಮೊರಿ. 1992ರಲ್ಲಿ ಇಂಗ್ಲಿಷ್ ಬಾರದೆ ಅಮೆರಿಕಕ್ಕೆ ಬಂದು, ವರ್ಷಗಟ್ಟಲೆ ವಾಹನದಲ್ಲೇ ಮಲಗಿ ಪಂದ್ಯಗಳಿಗೆ ಅಲೆದವನು. 2004ರಲ್ಲಿ ಲೇಕ್ ವೈಲಿಯಲ್ಲಿ, ಕೊನೆಯ ದಿನದ ಕೊನೆಯ ನಿಮಿಷಗಳಲ್ಲಿ ಹಿಡಿದ ಮೀನುಗಳಿಂದ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದ. 1976ರಲ್ಲೇ ಕ್ಲಾಸಿಕ್ ಗೆದ್ದಿದ್ದ ರಿಕ್ ಕ್ಲನ್, 2019ರಲ್ಲಿ ತನ್ನ 72ನೇ ವಯಸ್ಸಿನಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ ಮತ್ತೆ ದೊಡ್ಡ ಪಂದ್ಯ ಗೆದ್ದ. ನಲವತ್ತು ವರ್ಷಗಳಲ್ಲಿ ದೋಣಿ, ದಾರ, ಎರೆ ಎಲ್ಲವೂ ಬದಲಾದವು. ಬದಲಾದದ್ದನ್ನೆಲ್ಲ ಮತ್ತೆ ಕಲಿಯದೆ ಇದು ಆಗುವ ಮಾತಲ್ಲ. ಹಯಾಸನ್ ಅವರ ಫ್ಲಾರಿಡಾದಲ್ಲಿ ಇಂಥವರು ಕಾಣುವುದಿಲ್ಲ.

ಕನ್ನಡದ ವಿದ್ಯಾರ್ಥಿಗೆ ಥಾಮಸ್‌ನ ಕಥೆ ಪರಿಚಿತವೆನಿಸಬೇಕು. ‘ಇಂಗ್ಲಿಷ್ ಗೀತಗಳು’ (1926) ಸಂಕಲನದಲ್ಲಿ ಬಿ.ಎಂ.ಶ್ರೀಯವರು ಮಾಡಿದ್ದೂ ಇಂಥದೇ ಕೆಲಸ. ಪರಭಾಷೆಯ ಪದ್ಯದ ನಡೆ ಇಲ್ಲಿನ ನೀರಿಗೆ ಹಾಗೇ ಒಗ್ಗದು; ಕನ್ನಡದ ಮಾತ್ರೆಗಳ ಅಳತೆಯೊಳಗೆ ಅದನ್ನು ಇಳಿಸುವಾಗ ಹೊಸ ಛಂದಸ್ಸು ತೆರೆದುಕೊಂಡಿತು. ಕಲಿತದ್ದನ್ನು ಒಪ್ಪಿಸುವುದಕ್ಕೂ ಒಗ್ಗಿಸಿಕೊಳ್ಳುವುದಕ್ಕೂ ಇರುವ ಅಂತರ ಅದು.

ಈಗ ಬ್ಯಾಸ್ ಲೋಕದಲ್ಲಿ ಹೊಸ ಜಗಳವೊಂದಿದೆ. ದೋಣಿಯ ಮುಂದಿನ ನೀರಿನಲ್ಲಿ ಮೀನು ಚಲಿಸುವುದನ್ನು ಆ ಕ್ಷಣವೇ ಪರದೆಯ ಮೇಲೆ ತೋರಿಸುವ ಸೋನಾರ್ ಬಂದಿದೆ. ಇದು ವಿದ್ಯೆಯೋ, ವಿದ್ಯೆಯ ಅಂತ್ಯವೋ ಎಂದು ಗಾಳಗಾರರೇ ಎರಡು ಪಾಳಯವಾಗಿದ್ದಾರೆ. ಸಂಘಟಕರು ಮಿತಿಗಳನ್ನು ಹಾಕತೊಡಗಿದ್ದಾರೆ. ಮೋಸವನ್ನು ಗುರುತಿಸಲು ‘ಡಬಲ್ ವ್ಯಾಮಿ’ ನಮಗೆ ಕಲಿಸುತ್ತದೆ. ಈ ಪ್ರಶ್ನೆಯ ಎದುರು ಅದು ಮೌನ. ಇಲ್ಲಿ ಕಳ್ಳರಿಲ್ಲ, ಕಲಿಯುವವರಷ್ಟೇ ಇದ್ದಾರೆ. ಅವರನ್ನು ಬರೆಯಲು ವಾಲ್ಟನ್‌ನ ತಾಳ್ಮೆ ಬೇಕು, ಮ್ಯಾಕ್ಲೀನ್ ಅವರ ದುಃಖ ಬೇಕು. ಬೇಡವಾದದ್ದು ಇಬ್ಬರ ನಂತರವೂ ಉಳಿದುಬಂದ ಆ ಮೆಟ್ಟಿಲು. ಅಂಥ ಕಾದಂಬರಿಗಾಗಿ ನಾನಂತೂ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಹಯಾಸನ್ ಅವರನ್ನು ಓದಿ, ಚೆನ್ನಾಗಿ ನಗಿ. ನಕ್ಕ ಮೇಲೆ ಒಮ್ಮೆ, ಏಳೂವರೆ ಅಡಿ ಕೋಲು ಹಿಡಿದು ಜೊಂಡಿನ ಬಳಿ ನಿಂತವನನ್ನೂ ನೆನೆಯಿರಿ.