ಮಿರಾಂಡಳಿಗೆ ಮಿರಾಂಡಳೆ ಸಮಾನ

ಎರಡು ಕೃತಿಗಳನ್ನು ಎದುರುಬದುರಾಗಿ ಇರಿಸಿ, ಕಾಲದಿಂದಲೂ ದೇಶದಿಂದಲೂ ದೂರದೂರವಾದ ಅವೆರಡರ ನಡುವೆ ನಡೆದಿರುವ ಮಾತುಕತೆ ಎಂಥದೆಂಬುದನ್ನು ಗ್ರಹಿಸಿ, ಗ್ರಹಿಸಿದ್ದನ್ನು 40 ನಿಮಿಷಗಳೊಳಗೆ ಒಂದು ಪ್ರಬಂಧವಾಗಿ ನಿರೂಪಿಸಬೇಕೆಂದು ಹದಿನೇಳು ಹದಿನೆಂಟು ವರ್ಷದ ಮಕ್ಕಳನ್ನು ಕೇಳುವ ಪರೀಕ್ಷೆಯೊಂದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ನಡೆಯುತ್ತದೆ. ಹನ್ನೆರಡನೆಯ ತರಗತಿಯ ಕೊನೆಗೆ ಬರುವ ಆ ಎಚ್.ಎಸ್.ಸಿ. ಪರೀಕ್ಷೆಯಲ್ಲಿ ಎಲ್ಲರೂ ತೆಗೆದುಕೊಳ್ಳಲೇಬೇಕಾದ ವಿಷಯ ಇಂಗ್ಲಿಷ್ ಒಂದೇ. ಅದರಲ್ಲಿ ಅಡ್ವಾನ್ಸ್ಡ್ ಎಂಬ ಮೇಲಿನ ದರ್ಜೆಯನ್ನು ಆರಿಸಿಕೊಂಡವರಿಗೆ ಎರಡು ಗಂಟೆಯ ಎರಡನೆಯ ಪತ್ರಿಕೆಯುಂಟು. ಆ ಪತ್ರಿಕೆಯ ಮೂರು ಭಾಗಗಳಲ್ಲಿ ಮೊದಲನೆಯದೇ, 20 ಅಂಕಗಳಿಗೆ, ‘ಟೆಕ್ಸ್ಚುಯಲ್ ಕಾನ್ವರ್ಸೇಷನ್ಸ್’, ಎಂದರೆ ಕೃತಿಗಳ ಸಂವಾದ. 2019ರ ಪರೀಕ್ಷೆಯಿಂದ ಈ ಹೆಸರಿನಲ್ಲಿ ಬಳಕೆಗೆ ಬಂದ ಈ ಭಾಗಕ್ಕೆ ನಿಗದಿಯಾದ ಜೋಡಿಗಳನ್ನು ನೋಡಿದರೆ ಸಾಹಿತ್ಯಪ್ರಿಯನಿಗೆ ಆಸೆ ಹುಟ್ಟದಿರದು: ವರ್ಜೀನಿಯ ವುಲ್ಫಳ ‘ಮಿಸೆಸ್ ಡ್ಯಾಲೊವೆ’ಯೊಡನೆ ‘ದಿ ಅವರ್ಸ್’, ಕೀಟ್ಸನ ಕವಿತೆಗಳೊಡನೆ ಜೇನ್ ಕ್ಯಾಂಪಿಯನ್ನಳ ‘ಬ್ರೈಟ್ ಸ್ಟಾರ್’ ಎಂಬ ಚಲನಚಿತ್ರ, ಕಾಮೂವಿನ ಕಾದಂಬರಿಯೊಡನೆ ಅದಕ್ಕೆ ಅಲ್ಜೀರಿಯದಿಂದ ಉತ್ತರ ಕೊಟ್ಟ ಕಮೆಲ್ ದಾವೂದನ ಕಾದಂಬರಿ, ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದೊಡನೆ ಮಾರ್ಗರೆಟ್ ಆಟ್‌ವುಡ್‌ಳ ‘ಹ್ಯಾಗ್-ಸೀಡ್’.

ಈ ಕೊನೆಯ ಜೋಡಿಯೇ ನನ್ನ ಮೊಮ್ಮಗಳ ಪಾಲಿಗೆ ಬಂದಿತ್ತು. ಸಿಡ್ನಿಯ ಪಶ್ಚಿಮಕ್ಕೆ ಪ್ಯಾರಮ್ಯಾಟಾದಿಂದ ಆಚೆಗಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ನಿಂತಿದ್ದಾಗ, ಊಟದ ಮೇಜಿನ ಒಂದು ಕೊನೆಯಲ್ಲಿ ಅವಳು ಬರೆಯುವುದೂ ಇನ್ನೊಂದು ಕೊನೆಯಲ್ಲಿ ನಾನು ಓದುವುದೂ ಸಂಜೆಯ ನಿಯಮವಾಗಿತ್ತು. ಒಂದು ದಿನ ಅವಳು ಒಂದು ಹಾಳೆಯನ್ನು ನನ್ನ ಕಡೆಗೆ ಸರಿಸಿ, “ತಾತ, ಇದು ನನ್ನ ಪ್ಲಾನು, ಸರಿಯಿದೆಯಾ ನೋಡಿ,” ಎಂದಳು. ಹಾಳೆಯ ನಡುವೆ ನೇರವಾದ ಒಂದು ಗೆರೆ. ಎಡಗಡೆ ಹಳದಿ, ಬಲಗಡೆ ಹಸಿರು ಹೈಲೈಟರಿನ ಬಣ್ಣ. ಗೆರೆಯ ಮೇಲೆ ಸಮಚಿಹ್ನೆಗಳ ಸಾಲು. ಪ್ರಾಸ್ಪೆರೊ ಎಂದರೆ ಫೀಲಿಕ್ಸ್, ಆಂಟೋನಿಯೊ ಎಂದರೆ ಟೋನಿ, ದ್ವೀಪವೆಂದರೆ ಸೆರೆಮನೆ, ಏರಿಯಲ್ ಎಂದರೆ ಏಯ್ಟ್‌ಹ್ಯಾಂಡ್ಸ್ ಎಂಬ ಅಡ್ಡಹೆಸರಿನ ಕೈದಿ. ಐದನೆಯ ಸಾಲಿನಲ್ಲಿ ಮಿರಾಂಡ ಎಂದರೆ ಮಿರಾಂಡ ಎಂದೇ ಬರೆದು, ಮನಸ್ಸಿಗೆ ಒಪ್ಪಿಗೆಯಾಗದೆ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದ್ದಳು.

ಆ ಹಾಳೆಯನ್ನು ನೋಡಿದಾಗ ನನಗೆ ನಮ್ಮ ಆಲಂಕಾರಿಕರು ನೆನಪಾದರು. ಉಪಮೆಗೆ ಅವರು ನಾಲ್ಕು ಅಂಗಗಳನ್ನು ಹೇಳಿದ್ದಾರೆ: ವರ್ಣಿಸಬೇಕಾದ ಉಪಮೇಯ, ಅದಕ್ಕೆ ಹೋಲಿಕೆಯಾಗಿ ತಂದ ಉಪಮಾನ, ‘ಅಂತೆ’ ‘ಹಾಗೆ’ ಎಂಬ ವಾಚಕ, ಮತ್ತು ಎರಡಕ್ಕೂ ಸಾಧಾರಣವಾದ ಸಮಾನಧರ್ಮ. ಮುಖವು ಚಂದ್ರನಂತೆ ಎಂದಷ್ಟೇ ಹೇಳಿ, ಯಾವ ಗುಣದಲ್ಲಿ ಎಂಬುದನ್ನು ಬಿಟ್ಟರೆ ಅದು ಧರ್ಮಲುಪ್ತವಾದ ಉಪಮೆ. ಕಾವ್ಯದಲ್ಲಿ ಅದು ದೋಷವಲ್ಲ. ಬಿಟ್ಟುಹೋದ ಅಂಗವನ್ನು ಸಹೃದಯನು ತನ್ನ ಭಾವನೆಯಿಂದ ತುಂಬಿಕೊಳ್ಳುತ್ತಾನೆ. ಆದರೆ ವಿಮರ್ಶೆ ಎಂಬುದು ಬಿಟ್ಟುಹೋದುದನ್ನು ಬಾಯಿಬಿಟ್ಟು ಹೇಳುವುದಕ್ಕಾಗಿಯೇ ಹುಟ್ಟಿದ ವ್ಯಾಪಾರವಾದುದರಿಂದ, ಅಲ್ಲಿ ಸಮಾನಧರ್ಮವು ಲೋಪವಾದರೆ ಉಳಿಯುವುದು ಬರಿಯ ವಾಚಕ. ಪ್ರಾಸ್ಪೆರೊವಿನಂತೆ ಫೀಲಿಕ್ಸನೂ ಪದಚ್ಯುತನಾದನು, ಅದೇ ರೀತಿಯಲ್ಲಿ ಅವನೂ ಹನ್ನೆರಡು ವರ್ಷ ಅಜ್ಞಾತನಾಗಿದ್ದನು, ಹಾಗೆಯೇ ಅವನೂ ಸೇಡಿಗಾಗಿ ನಾಟಕವನ್ನು ಹೂಡಿದನು ಎಂದು ‘ಅಂತೆ’ಗಳ ಮೇಲೆ ‘ಅಂತೆ’ಗಳನ್ನು ಪೇರಿಸುತ್ತ ಹೋದ ಪ್ರಬಂಧದಲ್ಲಿ ಒಂದು ಮಾತೂ ಸುಳ್ಳಿಲ್ಲದಿರಬಹುದು, ಆದರೂ ಅದನ್ನು ಓದಿ ಮುಗಿಸಿದವನಿಗೆ, ಆಟ್‌ವುಡ್ 2016ರಲ್ಲಿ ಈ ಕಥೆಯನ್ನು ಮತ್ತೊಮ್ಮೆ ಏಕೆ ಹೇಳಿದಳೆಂಬುದು ತಿಳಿಯುವುದಿಲ್ಲ. ಎರಡು ಪಟ್ಟಿಗಳನ್ನು ಕೂಡಿಸಿದರೆ ದೊಡ್ಡದೊಂದು ಪಟ್ಟಿಯಾದೀತೆ ಹೊರತು ತುಲನೆಯಾಗದು.

ಆದುದರಿಂದ, ತೌಲನಿಕ ಪ್ರಬಂಧಕ್ಕೆ ಹಂದರ ಹಾಕುವವನು ಸಾಮ್ಯಗಳನ್ನು ಆಯುವುದಕ್ಕೆ ಮುಂಚೆ, ಎರಡೂ ಕೃತಿಗಳು ಯಾವ ಒಂದು ಪ್ರಶ್ನೆಯ ಮುಂದೆ ನಿಂತಿವೆ ಎಂಬುದನ್ನು ಅರಸಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಆ ಪ್ರಶ್ನೆಯೇ ಇಲ್ಲಿಯ ಸಮಾನಧರ್ಮ. ಅದು ದೊರೆತ ಮೇಲೆ ಸಾಮ್ಯಗಳು ತಾವಾಗಿಯೇ ತಮ್ಮ ಸ್ಥಾನಗಳಿಗೆ ಬರುವುವು. ಅದಕ್ಕಿಂತ ಮುಖ್ಯವಾಗಿ, ವ್ಯತ್ಯಾಸಗಳಿಗೆ ಅರ್ಥ ಬರುವುದು. ಸಮಾನವಾದ ನೆಲವಿಲ್ಲದೆ ವ್ಯತಿರೇಕವಿಲ್ಲ.

ಮೊಮ್ಮಗಳ ಐದನೆಯ ಸಾಲನ್ನೇ ತೆಗೆದುಕೊಳ್ಳೋಣ. ಮಿರಾಂಡಳಿಗೆ ಮಿರಾಂಡಳೆ ಸಮಾನ ಎಂಬ ಮಾತು ಮೇಲುನೋಟಕ್ಕೆ ಅನನ್ವಯಾಲಂಕಾರ, ತನಗೆ ತಾನೇ ಸಾಟಿ ಎಂಬಂಥದು. ಒಳಹೊಕ್ಕು ನೋಡಿದರೆ ಈ ಎರಡು ಗ್ರಂಥಗಳ ನಡುವೆ ಇದಕ್ಕಿಂತ ತೀವ್ರವಾದ ವ್ಯತಿರೇಕ ಇನ್ನೊಂದಿಲ್ಲ. ಷೇಕ್ಸ್‌ಪಿಯರನಲ್ಲಿ, ರಾಜ್ಯವನ್ನು ಕಳೆದುಕೊಂಡ ತಂದೆಯೊಡನೆ ಜೀರ್ಣವಾದ ದೋಣಿಯಲ್ಲಿ ಕಡಲಿಗೆ ನೂಕಲ್ಪಟ್ಟಾಗ ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಆ ಎಳೆಯ ಮುಖದ ನಗುವೇ ತನ್ನನ್ನು ಅಂದು ಉಳಿಸಿತೆಂದು ಪ್ರಾಸ್ಪೆರೊ ಹನ್ನೆರಡು ವರ್ಷಗಳ ಮೇಲೆ ಅವಳಿಗೆ ಹೇಳುತ್ತಾನೆ. ಆಟ್‌ವುಡ್‌ಳಲ್ಲಿ, ಸರಿಯಾಗಿ ಆ ಮೂರರ ವಯಸ್ಸಿನಲ್ಲಿಯೇ ಮಗು ಮೆದುಳಿನ ಪೊರೆಯ ಜ್ವರದಿಂದ ತೀರಿಕೊಳ್ಳುತ್ತದೆ. ನಾಟಕೋತ್ಸವದ ನಿರ್ದೇಶಕ ಪದವಿಯಿಂದ ತಳ್ಳಲ್ಪಟ್ಟ ಫೀಲಿಕ್ಸ್ ಹನ್ನೆರಡು ವರ್ಷ ಒಂಟಿ ಗುಡಿಸಲಿನಲ್ಲಿ ವಾಸಿಸುತ್ತಾನೆ. ಅಲ್ಲಿ ಅವನ ಕಲ್ಪನೆಯ ಮಗಳು ವರ್ಷವರ್ಷವೂ ಬೆಳೆದು, ಅವನೊಡನೆ ಚದುರಂಗವಾಡಿ, ಕಡೆಗೆ ಅವನು ಸೆರೆಮನೆಯಲ್ಲಿ ಕೈದಿಗಳಿಂದ ಆಡಿಸುವ ನಾಟಕದಲ್ಲಿ ತಾನೂ ಪಾತ್ರ ವಹಿಸುವೆನೆಂದು ಹಟ ಹಿಡಿಯುವವರೆಗೆ ಬರುತ್ತಾಳೆ. ಹೆಸರು ಅದೇ, ವಯಸ್ಸು ಅದೇ, ಹನ್ನೆರಡು ವರ್ಷಗಳ ಎಣಿಕೆಯೂ ಅದೇ. ಒಬ್ಬ ತಂದೆಗೆ ಉಳಿದ ಮಗಳು, ಇನ್ನೊಬ್ಬನಿಗೆ ಉಳಿಯದ ಮಗಳು. ಒಬ್ಬನು ಮಗಳನ್ನು ವಧುವಾಗಿ ಫರ್ಡಿನಾಂಡನಿಗೆ ಒಪ್ಪಿಸಿ ತನ್ನ ರಾಜ್ಯಕ್ಕೆ ಹಿಂದಿರುಗುತ್ತಾನೆ; ಇನ್ನೊಬ್ಬನು, ಹಿಡಿದಿಟ್ಟುಕೊಂಡಿದ್ದ ನೆರಳನ್ನು ಗಾಳಿಗೆ ಬಿಟ್ಟುಕೊಡುತ್ತಾನೆ. ಹಿಡಿದುದನ್ನು ಬಿಡುವುದು ಹೇಗೆ, ಬಿಡದವನಿಗೆ ಸ್ವಂತ ಬಿಡುಗಡೆಯುಂಟೆ ಎಂಬುದೇ ಎರಡೂ ಕೃತಿಗಳು ಎದುರಿಸುತ್ತಿರುವ ಪ್ರಶ್ನೆಯೆಂದು ತೋರಿದ ಕೂಡಲೆ, ದ್ವೀಪ ಮತ್ತು ಸೆರೆಮನೆಯ ಸಾಲು, ಏರಿಯಲ್ಲನ ಸಾಲು, ಕಡೆಯಲ್ಲಿ ಪ್ರೇಕ್ಷಕರಿಂದಲೇ ಬಿಡುಗಡೆ ಬೇಡುವ ಪ್ರಾಸ್ಪೆರೊವಿನ ಉಪಸಂಹಾರ, ಆಟ್‌ವುಡ್‌ಳ ಕೈದಿಗಳು ನಾಟಕದಲ್ಲಿ ಎಷ್ಟು ಸೆರೆಮನೆಗಳಿವೆಯೆಂದು ಲೆಕ್ಕ ಹಾಕುವ ಪಾಠ, ಇವೆಲ್ಲವೂ ಒಂದೇ ದಾರದಲ್ಲಿ ಕೋದ ಮಣಿಗಳಾಗುತ್ತವೆ. ಆ ದಾರ ಪ್ರಶ್ನಾರ್ಥಕ ಚಿಹ್ನೆಯಿದ್ದ ಸಾಲಿನಲ್ಲಿಯೇ ಅಡಗಿತ್ತು. ವಿದ್ಯಾರ್ಥಿಯ ಹಾಳೆಯಲ್ಲಿ ಎಲ್ಲಿ ಸಮಚಿಹ್ನೆ ಅಳುಕುತ್ತದೆಯೋ ಪ್ರಬಂಧವು ಹುಟ್ಟತಕ್ಕದ್ದು ಅಲ್ಲಿಂದ.

ದೇಶಕಾಲಗಳ ವಿಚಾರವನ್ನೂ ಹೀಗೆಯೇ ನೋಡಬೇಕು. ಪರೀಕ್ಷೆಯು ಸಂದರ್ಭಜ್ಞಾನವನ್ನು ಬಯಸುತ್ತದೆಂಬುದನ್ನು ಅರಿತ ಮಕ್ಕಳು ಪ್ರತಿ ಖಂಡದ ಆರಂಭದಲ್ಲಿಯೂ ಇತಿಹಾಸದ ಒಂದು ತುಣುಕನ್ನು ಅಂಟಿಸುವುದುಂಟು: 1609ರಲ್ಲಿ ‘ಸೀ ವೆಂಚರ್’ ಎಂಬ ಹಡಗು ಬರ್ಮುಡದ ಬಳಿ ಅಪಘಾತಕ್ಕೀಡಾಯಿತು, 1611ರ ನವೆಂಬರ್ 1ರಂದು ವೈಟ್‌ಹಾಲಿನಲ್ಲಿ ಜೇಮ್ಸ್ ದೊರೆಯ ಮುಂದೆ ನಾಟಕವಾಡಿದರು, ಎಂದು. ವಾಸ್ತವಾಂಶಗಳು ಸರಿ. ಆದರೆ ಅವು ವಾದದೊಳಗೆ ದುಡಿಯದಿದ್ದರೆ ಮದುವೆಮನೆಯ ಬಾಗಿಲಲ್ಲಿ ನಿಂತ ಅಪರಿಚಿತರಂತೆ. ದೊರೆಯ ಆಸ್ಥಾನದಲ್ಲಿ ಆಡಿದ ನಾಟಕದಲ್ಲಿ ಕ್ಷಮೆಯು ಸಿಂಹಾಸನಕ್ಕೂ ವಂಶದ ವಿವಾಹಕ್ಕೂ ಕಟ್ಟುಬಿದ್ದಿತ್ತು, ಪ್ರಾಸ್ಪೆರೊ ಕ್ಷಮಿಸಿದರೆ ಮಿಲಾನ್ ಹಿಂದಿರುಗುತ್ತದೆ ಮತ್ತು ನೇಪಲ್ಸ್ ಮಗಳಿಗೆ ದೊರೆಯುತ್ತದೆ ಎಂದು ಹೇಳಿದಾಗ ಮಾತ್ರ ಆ 1611 ಎಂಬ ಅಂಕಿಗೆ ಜೀವ ಬರುತ್ತದೆ; ಎದುರಿಗೆ, ದೊರೆತನವು ಹೆಸರಿಗಷ್ಟೇ ಉಳಿದ ಕಾಲದ ಕೆನಡದಲ್ಲಿ ಫೀಲಿಕ್ಸನಿಗೆ ಪದವಿ ಮರಳಿದರೂ ಅದು ಕೊಡುವ ಸಮಾಧಾನ ಎಷ್ಟು ತೆಳ್ಳಗಿನದು ಎಂಬುದು ಆಗ ಕಾಣುತ್ತದೆ.

ಈ ಹಂದರದ ಕೆಲಸವೆಲ್ಲ ಮನೆಯಲ್ಲಿ ವಾರಗಟ್ಟಲೆ ನಡೆಯತಕ್ಕದ್ದು. ಪರೀಕ್ಷೆಯ ಮೇಜಿನ ಮುಂದೆ ಅದಕ್ಕೆ ಸಿಕ್ಕುವುದು ಐದು ನಿಮಿಷ. ಆ ಐದು ನಿಮಿಷವೂ ದುಂದೆಂದು ತಿಳಿದು, ಸಿದ್ಧಪ್ರಬಂಧವನ್ನು ಕಂಠಪಾಠ ಮಾಡಿಕೊಂಡು ಹೋಗುವ ಅಭ್ಯಾಸ ಅಲ್ಲಿ ಬಲವಾಗಿ ಬೇರೂರಿದೆ. ಮೊಮ್ಮಗಳ ಗೆಳತಿಯೊಬ್ಬಳು ತಾನು ಹೋಗುವ ಟ್ಯೂಷನ್ ತರಗತಿಯಲ್ಲಿ ಅಚ್ಚು ಹಾಕಿ ಹಂಚಿದ ಪ್ರಬಂಧವನ್ನು ತಂದು ತೋರಿಸಿದಳು. ವಿಷಯವಾಕ್ಯ, ನಿದರ್ಶನ, ವಿವರಣೆ, ಕೊಂಡಿ ಎಂಬ ನಾಲ್ಕು ಮೆಟ್ಟಿಲುಗಳು ಪ್ರತಿ ಖಂಡದಲ್ಲಿಯೂ ಚ್ಯುತಿಯಿಲ್ಲದೆ ಇದ್ದುವು, ಭಾಷೆಯೂ ನಯವಾಗಿತ್ತು, ಯಾವ ಪ್ರಶ್ನೆಗೆ ಉತ್ತರವೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಉತ್ತರವು ಪ್ರಶ್ನೆಗಿಂತ ಮೊದಲೇ ಹುಟ್ಟಿದ ಮೇಲೆ, ಪ್ರಶ್ನೆಯ ನಾಲ್ಕು ಶಬ್ದಗಳನ್ನು ಕಿತ್ತು ಅಲ್ಲಲ್ಲಿ ನೆಡುವುದಷ್ಟೇ ಉಳಿಯುವ ಕೆಲಸ. ಪ್ರಶ್ನೆಯೊಡನೆ ಸೆಣಸದ ಇಂಥ ಬರವಣಿಗೆಗೆ ಪರೀಕ್ಷಕರು ಮೇಲಿನ ಅಂಕಗಳನ್ನು ಕೊಡುವುದಿಲ್ಲವೆಂಬುದು ತಿಳಿದಿದ್ದರೂ ಮಕ್ಕಳು ಇದಕ್ಕೆ ಶರಣಾಗುವುದು ಸೋಮಾರಿತನದಿಂದಲ್ಲ, ಭಯದಿಂದ. ಪುಸ್ತಕವನ್ನು ಒಳಗೆ ಒಯ್ಯುವಂತಿಲ್ಲ. ಉದ್ಧರಿಸುವ ಮಾತುಗಳೆಲ್ಲ ನೆನಪಿನಲ್ಲಿರಬೇಕು. ಕೈಬರಹದಲ್ಲಿ 800 ರಿಂದ 1000 ಪದಗಳನ್ನು ಬರೆದು ಮುಗಿಸಬೇಕು. ಅದು ಮುಗಿದ ಮರುಕ್ಷಣವೇ ಬೇರೆ ಗ್ರಂಥವನ್ನು ಕುರಿತ ಬೇರೆ ಪ್ರಬಂಧವನ್ನು ಆರಂಭಿಸಬೇಕು. ಸಂವಾದವೆಂಬ ಸುಂದರವಾದ ಹೆಸರಿಟ್ಟು, ಸಂವಾದಕ್ಕೆ ಅತ್ಯಗತ್ಯವಾದ ನಿಧಾನವನ್ನು ಕಸಿದುಕೊಂಡಿರುವುದು ಈ ಪದ್ಧತಿಯ ದೊಡ್ಡ ಕೊರತೆ. ಗಡಿಯಾರಕ್ಕೆ ಹೆದರಿದ ಮಗುವಿಗೆ ನೆನಪು ಆಸರೆಯಾಗುವುದು ಸಹಜ. ಆದರೆ ಕಂಠಪಾಠವಾಗಬೇಕಾದುದು ಎರಡೂ ಗ್ರಂಥಗಳ ಮಾತುಗಳೇ ಹೊರತು ಅವುಗಳ ಮೇಲಿನ ತೀರ್ಪಲ್ಲ.

ಇನ್ನೊಂದು ದೋಷ ಸೂಕ್ಷ್ಮವಾದುದು. ಜೋಡಿಯನ್ನು ಮೇಲಿನವರೇ ಗೊತ್ತುಮಾಡಿ ಕೊಟ್ಟಿರುವುದರಿಂದ, ಎರಡನೆಯ ಕೃತಿಯು ಮೊದಲನೆಯದನ್ನು ಪೂರ್ಣಗೊಳಿಸಿದೆ, ಹೊಸ ಯುಗಕ್ಕೆ ಬೆಳಕಾಗಿಸಿದೆ ಎಂದು ಹೊಗಳಿಯೇ ತೀರಬೇಕೆಂಬ ಸಂಕೋಚ ಮಕ್ಕಳಲ್ಲಿ ಬೆಳೆಯುತ್ತದೆ. ‘ಹ್ಯಾಗ್-ಸೀಡ್’ ಮೆಚ್ಚತಕ್ಕ ಕಾದಂಬರಿಯೇ ಸರಿ. ನಾಟಕದ ಐದು ಅಂಕಗಳಿಗೆ ಸಂವಾದಿಯಾಗಿ ಐದು ಭಾಗಗಳು, ಆ ಭಾಗಗಳ ಶೀರ್ಷಿಕೆಗಳೆಲ್ಲ ನಾಟಕದೊಳಗಿನ ನುಡಿಗಳು, ನಾಟಕದಲ್ಲಿ ಬರುವ ಬೈಗುಳಗಳನ್ನಲ್ಲದೆ ಬೇರೆ ಬೈಗುಳವನ್ನು ಆಡಕೂಡದೆಂದು ಕೈದಿಗಳಿಗೆ ಹಾಕಿದ ಕಟ್ಟಳೆ, ಇವೆಲ್ಲ ಚತುರವಾದ ಕಲ್ಪನೆಗಳು. ಆದರೆ ಪ್ರಾಸ್ಪೆರೊ ಕ್ಯಾಲಿಬನ್ನನಿಗೆ ಎಸೆದ ಬೈಗುಳವನ್ನು ಗ್ರಂಥದ ನೆತ್ತಿಯ ಮೇಲಿಟ್ಟ ಲೇಖಕಿ, ಒಳಗೆ ಕಥೆಯನ್ನು ಪೂರ್ತಿಯಾಗಿ ಪ್ರಾಸ್ಪೆರೊವಿನ ಹೆಗಲಿನ ಮೇಲಿಂದಲೇ ನೋಡಿಸುತ್ತಾಳೆ. ಕೈದಿಗಳು ಕ್ಯಾಲಿಬನ್ನನ ಮುಂದಿನ ಬಾಳನ್ನು ಊಹಿಸಿ ಒಪ್ಪಿಸುವ ವರದಿಯಲ್ಲಿ ಕ್ಷಣಕಾಲ ತೆರೆದ ಬಾಗಿಲು ಮತ್ತೆ ಫೀಲಿಕ್ಸನ ದುಃಖದ ಕಡೆಗೆ ತಿರುಗಿ ಮುಚ್ಚಿಕೊಳ್ಳುತ್ತದೆ. ಷೇಕ್ಸ್‌ಪಿಯರನಲ್ಲಿ ಕ್ಯಾಲಿಬನ್ ದಾಸನಾದರೂ, ಈ ದ್ವೀಪ ತನ್ನದೆಂದು ರಂಗದ ನಡುವೆ ನಿಂತು ತನ್ನ ಬಾಯಿಂದಲೇ ಹೇಳುತ್ತಾನೆ. ಈ ಒಂದು ವಿಷಯದಲ್ಲಿ ಹಳೆಯ ನಾಟಕವೇ ಹೊಸ ಕಾದಂಬರಿಗಿಂತ ಉದಾರವೆಂದು ನನಗೆ ತೋರುತ್ತದೆ. ಹೀಗೆ ತೋರಿದ ವಿದ್ಯಾರ್ಥಿ ಹೀಗೆಯೇ ಬರೆಯಬೇಕು. ಸಂವಾದದಲ್ಲಿ ಹಿರಿಯನ ಉತ್ತರ ಮೇಲಾಗುವ ಸಂದರ್ಭವೂ ಇದೆಯಲ್ಲವೆ? ಪಂಪನ ತರುವಾಯ ಅದೇ ಭಾರತವನ್ನು ರನ್ನನು ಗದೆಯ ಕಡೆಯಿಂದ ನೋಡಿದಾಗ, ರನ್ನನನ್ನು ಮೆಚ್ಚುವುದಕ್ಕಾಗಿ ಪಂಪನನ್ನು ಕೆಳಗಿಳಿಸಬೇಕೆಂದು ನಮ್ಮ ಓದುಗರಾರೂ ಭಾವಿಸಲಿಲ್ಲ.

ಅದೇ ಸಂಜೆಗಳಲ್ಲಿ ಮೊಮ್ಮಗಳಿಗೆ ನಾನು ಒಂದು ವಿಷಯವನ್ನು ಹೇಳಿದೆನು. ಆಟ್‌ವುಡ್‌ಗಿಂತ ಎಂಬತ್ತಾರು ವರ್ಷ ಮೊದಲೇ, 1930ರಲ್ಲಿ, ಕುವೆಂಪು ಅವರು ಇದೇ ನಾಟಕವನ್ನು ‘ಬಿರುಗಾಳಿ’ಯಾಗಿ ಕನ್ನಡಕ್ಕೆ ರೂಪಾಂತರಿಸಿದ್ದರೆಂಬುದು ಅವಳಿಗೆ ತಿಳಿದಿರಲಿಲ್ಲ. ಅವಳ ಕನ್ನಡ ಮನೆಮಾತಿನ ಕನ್ನಡ, ಓದುವ ಕನ್ನಡವಲ್ಲ. ಕೆಲವು ಪುಟಗಳನ್ನು ನಾನೇ ಓದಿ, ಬಿಡಿಸಿ ಹೇಳಬೇಕಾಯಿತು. ಪರೀಕ್ಷೆಯ ಹಾಳೆಯಲ್ಲಿ ‘ಬಿರುಗಾಳಿ’ಗೆ ಎಡೆಯಿಲ್ಲ. ಆದರೂ, ತನ್ನ ತಾತನ ಭಾಷೆಯಲ್ಲಿ ಏರಿಯಲ್ಲನೂ ಕ್ಯಾಲಿಬನ್ನನೂ ಬೇರೆ ಹೆಸರುಗಳಿಂದ ಓಡಾಡುವುದನ್ನು ಕೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇವರೆಲ್ಲ ಒಂದೇ ಪ್ರಶ್ನೆ ಕೇಳ್ತಾ ಇಲ್ಲ, ತಾತ, ಒಬ್ಬೊಬ್ಬರು ಒಂದೊಂದು ಕೇಳ್ತಿದ್ದಾರೆ. ನಾನು ಆಟ್‌ವುಡ್ ಯಾವುದನ್ನು ಎತ್ತಿಕೊಂಡಳು ಅಂತ ಹುಡುಕಬೇಕು,” ಎಂದಳು. ಸಮಾನಧರ್ಮದ ವಿಷಯದಲ್ಲಿ ನಾನು ಅಷ್ಟು ದಿನ ಹೇಳಿದ್ದಕ್ಕಿಂತ ಇದು ಒಂದು ಹೆಜ್ಜೆ ಮುಂದಿತ್ತು: ಮೂಲಕೃತಿಯಲ್ಲಿ ಪ್ರಶ್ನೆಗಳು ಹಲವು, ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಉಳಿದವನ್ನು ಬಿಟ್ಟದ್ದೇ ಎರಡನೆಯ ಕವಿಯ ಮೊದಲನೆಯ ವಿಮರ್ಶೆ.

ಮರುದಿನ ಅವಳು ಹೊಸ ಹಾಳೆಯನ್ನು ತೆಗೆದುಕೊಂಡಳು. ಗೆರೆಯನ್ನು ಎಳೆಯಲಿಲ್ಲ. ನೆತ್ತಿಯಲ್ಲಿ ಒಂದೇ ವಾಕ್ಯ. ಅದರ ಕೆಳಗೆ ಮೂರು ಚಿಕ್ಕ ಮಾತುಗಳು, ಸೆರೆ, ನೆರಳು, ಬಿಡುಗಡೆ ಎಂಬ ಅರ್ಥದ ಇಂಗ್ಲಿಷ್ ಶಬ್ದಗಳು. ಪ್ರತಿಯೊಂದರ ಪಕ್ಕದಲ್ಲಿಯೂ ನಾಟಕದ ಒಂದು ನುಡಿ, ಕಾದಂಬರಿಯ ಒಂದು ನುಡಿ, ಹಳದಿ ಹಸಿರುಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕವಾಗಿ. ಮೂಲೆಯಲ್ಲಿ, ಹಿಂದಿನ ಹಾಳೆಯ ಐದನೆಯ ಸಾಲನ್ನು ಹಾಗೆಯೇ ಇಳಿಸಿಕೊಂಡು, ಮಿರಾಂಡ ಮತ್ತು ಮಿರಾಂಡರ ನಡುವಣ ಸಮಚಿಹ್ನೆಯ ಮೇಲೆ ಓರೆಯಾದ ಒಂದು ಗೀಟನ್ನು ಹೊಡೆದಿದ್ದಳು. ಅಡಿಗೆಮನೆಯ ಟೈಮರನ್ನು 40ಕ್ಕೆ ತಿರುಗಿಸಿ ಮೇಜಿನ ಮೇಲಿಟ್ಟು, ಅದರ ಕಡೆಗೆ ನೋಡದೆ ಬರೆಯತೊಡಗಿದಳು.