ಬಾಗಿಲಾಗುವ ಗೋಡೆಗಳು

ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನ ಸಾಲುಮನೆಗಳಲ್ಲಿ 13ನೇ ನಂಬರಿನದು ತುಸು ಮುಂದೆ ಚಾಚಿಕೊಂಡಿದೆ. ಇಟ್ಟಿಗೆ ಮೈಗೆ ಬಿಳಿಯ ಪೋರ್ಟ್‌ಲ್ಯಾಂಡ್ ಕಲ್ಲಿನ ಮುಖಮಂಟಪ. ಅದರ ಕಮಾನುಗಳು ಮೊದಲು ತೆರೆದೇ ಇದ್ದವು. ಆಮೇಲೆ ಗಾಜು ಹಾಕಿಸಿ, ಆ ಜಾಗವನ್ನೂ ಕೋಣೆಗಳಿಗೇ ಸೇರಿಸಲಾಯಿತು. ಮನೆಯ ಯಜಮಾನ ಜಾನ್ ಸೋನ್, ಇಟ್ಟಿಗೆ ಕೆಲಸದವನ ಮಗ, ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿ. 1792ರಲ್ಲಿ 12ನೇ ಮನೆ ಕೊಂಡವನು, ಪಕ್ಕದ 13, ಮುಂದೆ 14 ಅಂತ ಒಂದೊಂದನ್ನೇ ಕೊಂಡು, ಕೆಡವಿ, ಮತ್ತೆ ಕಟ್ಟಿಸಿದ.

ನನಗೆ ಬಲು ಇಷ್ಟವಾದದ್ದು ಉಪಾಹಾರದ ಕೋಣೆ. ಚಿಕ್ಕದೇ. ಆದರೆ ಅದರ ತೆಳು ಗುಮ್ಮಟ ಎರಡು ಕಡೆ ಗೋಡೆಯನ್ನು ಮುಟ್ಟುವುದೇ ಇಲ್ಲ. ಆ ಸಂದಿನಲ್ಲಿ, ಕಣ್ಣಿಗೆ ಕಾಣದ ಗವಾಕ್ಷಿಗಳಿಂದ ಬೆಳಕು ಗೋಡೆಗುಂಟ ಇಳಿಯುತ್ತದೆ. ಗುಮ್ಮಟದ ಮೂಲೆಗಳಲ್ಲಿ ಉಬ್ಬುಗನ್ನಡಿಗಳು. ಇಡೀ ಕೋಣೆ ಅವುಗಳಲ್ಲಿ ಪುಟ್ಟದಾಗಿ ಮತ್ತೆ ಮತ್ತೆ ಹುಟ್ಟುತ್ತದೆ.

ಚಿತ್ರಕೋಣೆಯದು ಇನ್ನೊಂದು ಜಾಣ್ಮೆ. ಸುಮಾರು ನಾಲ್ಕು ಮೀಟರ್ ಉದ್ದಗಲದ ಜಾಗದಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು! ಗೋಡೆಗಳೇ ಕೀಲಿನ ಮೇಲೆ ತಿರುಗುವ ಹಲಗೆಗಳು: ಒಂದನ್ನು ತೆರೆದರೆ ಒಳಗೆ ಚಿತ್ರಕಾರ ಹೋಗಾರ್ತ್‌ನ ಎಂಟು ಚಿತ್ರಗಳ ಸರಣಿ. ದಕ್ಷಿಣದ ಹಲಗೆಗಳನ್ನು ಪೂರ್ತಿ ಸರಿಸಿದರೆ ಗೋಡೆಯೇ ಇಲ್ಲ, ಕೆಳಗಿನ ಅಂತಸ್ತು ಕಾಣುತ್ತದೆ. ಇಕ್ಕಟ್ಟನ್ನು ಇಷ್ಟು ಉದಾರವಾಗಿ ಬಳಸಿದ ವಾಸ್ತುಶಿಲ್ಪ ಅಪರೂಪ.

ಇಷ್ಟೆಲ್ಲ ಬದಲಾಯಿಸುತ್ತ ಬಂದವನು, ತಾನು ಸತ್ತ ಮೇಲೆ ಮನೆ ಆದಷ್ಟೂ ಇದ್ದಂತೆಯೇ ಉಳಿಯಬೇಕೆಂದು 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯಿದೆಯನ್ನೇ ಮಾಡಿಸಿಕೊಂಡ.