ಎಲ್ಲ ಬ್ರಾಂಚಿಗೂ ಒಂದೇ ಎಲ್‌ಇಡಿ

ಬೆಂಗಳೂರಿನ ಕೆ.ಆರ್. ಪುರದಾಚೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಈಚೆಗೆ ಎರಡು ದಿನದ ಕಾರ್ಯಾಗಾರ ನೋಡಿದೆ. ‘ಎಲ್ಲ ಬ್ರಾಂಚಿನವರಿಗೂ’ ಅಂತ ಬ್ಯಾನರು. ಮೇಜಿಗೆ ಐದು ಜನ, ಒಂದು ಆರ್ಡುಯಿನೊ ಕಿಟ್. ಅರ್ಧ ಗಂಟೆಯೊಳಗೆ ಕಂಪ್ಯೂಟರ್ ಸೈನ್ಸ್ ಹುಡುಗನ ಮುಂದೆ ಲ್ಯಾಪ್‌ಟಾಪ್, ಎಲೆಕ್ಟ್ರಾನಿಕ್ಸ್ ಹುಡುಗಿಯ ಕೈಯಲ್ಲಿ ಬ್ರೆಡ್‌ಬೋರ್ಡ್. ಸಿವಿಲ್‌ನವನು ವೈರು ಹಿಡಿದು ನಿಂತ. ಊಟದ ಕೂಪನ್ ಹಂಚುವ ಕೆಲಸವೂ ಅವನಿಗೇ ಬಂತು. ಸಂಜೆ ಎಲ್‌ಇಡಿ ಮಿನುಗಿತು. ಐವರಿಗೂ ಸರ್ಟಿಫಿಕೇಟು.

ಇದಕ್ಕಿಂತ ನಮ್ಮ ಕಾಲದ ಫಿಟ್ಟಿಂಗ್ ಲ್ಯಾಬೇ ವಾಸಿ ಅಂದರೆ ನಗುತ್ತೀರಿ. ವಿಟಿಯು ಮೊದಲ ವರ್ಷದಲ್ಲಿ ಯಾವ ಬ್ರಾಂಚಿನವರಾದರೂ ವೈಸ್‌ಗೆ ಕಬ್ಬಿಣದ ಪಟ್ಟಿ ಬಿಗಿದು ಫೈಲ್ ಉಜ್ಜಲೇಬೇಕಿತ್ತು. ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯತ್ತ ಹಿಡಿದರೆ ಸಂದಿನಲ್ಲಿ ಬೆಳಕು ನುಸುಳಬಾರದು. ನುಸುಳುತ್ತಿತ್ತು. ಮತ್ತೆ ಉಜ್ಜು. ಡವ್‌ಟೇಲ್ ಜೋಡಣೆ ಕೂಡುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ಇದೆಲ್ಲ ಏತಕ್ಕೆಂದು ಯಾರೂ ಹೇಳಲಿಲ್ಲ, ಅದು ದೊಡ್ಡ ಕೊರತೆಯೇ. ಆದರೆ ಆ ಬೆಳಕು ಬ್ರಾಂಚು ಕೇಳುತ್ತಿರಲಿಲ್ಲ.

ಆ ‘ಏತಕ್ಕೆ’ಯಿಂದಲೇ ಶುರುವಾಗುವ ಕಲಿಕೆಯೂ ಉಂಟು. 1998ರಲ್ಲಿ ಅಮೆರಿಕದ ಎಂಐಟಿಯಲ್ಲಿ ನೀಲ್ ಗರ್ಶನ್‌ಫೆಲ್ಡ್ ‘ಹೆಚ್ಚುಕಡಿಮೆ ಏನನ್ನಾದರೂ ಮಾಡುವುದು ಹೇಗೆ’ ಎಂಬ ಕೋರ್ಸು ತೆರೆದಾಗ ಕಲಾವಿದರು, ವಾಸ್ತುಶಿಲ್ಪದವರೂ ಮುಗಿಬಿದ್ದರು. ಅವರಲ್ಲೊಬ್ಬರಾದ ಕೆಲ್ಲಿ ಡಾಬ್ಸನ್ ಮಾಡಿದ್ದು ಒಂದು ಚೀಲ: ಜನರ ನಡುವೆ ಕಿರುಚಬೇಕೆನಿಸಿದರೆ ಅದರೊಳಗೆ ಕಿರುಚಿ, ಆಮೇಲೆ ಬೇಕಾದಲ್ಲಿ ಹೊರಬಿಡಬಹುದು. (ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಮಾರಿದರೆ ಒಂದೇ ದಿನಕ್ಕೆ ಖಾಲಿ.) ಆ ಕೋರ್ಸಿನಲ್ಲಿ ಬಯಕೆ ಮೊದಲು ಹುಟ್ಟಿತು, ಸರ್ಕ್ಯೂಟು, ಹೊಲಿಗೆ ಹಿಂದಿನಿಂದ ಬಂದವು. ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಜಾಗ ಮಾಡಿಕೊಂಡ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಕೂಡ ಇದೇ ವಂಶದ್ದು, ಮರಗೆಲಸಕ್ಕೂ 3ಡಿ ಪ್ರಿಂಟರಿಗೂ ಒಂದೇ ಸೂರು.

ನಮ್ಮ ಆಯೋಜಕರು ಶುರು ಮಾಡುವುದು ಕಿಟ್‌ನಿಂದ. ಕಿಟ್‌ಗೆ ಆಗಲೇ ಬ್ರಾಂಚು ಇದೆ, ಎಡವುವುದು ಅಲ್ಲೇ. ರಾಜಕಾಲುವೆಯಲ್ಲಿ ನೀರು ಏರಿದಾಗ ಸುದ್ದಿ ಕೊಡುವ ಉಪಕರಣ ಮಾಡಿ ಎಂದಿದ್ದರೆ ಆ ಮೇಜಿನಲ್ಲಿ ಮೊದಲು ಬಾಯಿಬಿಡಬೇಕಾದವನು ಕೂಪನ್ ಹಂಚಿದ ಹುಡುಗ. ಎಲ್ಲಿ ಇಳಿಜಾರು, ಎಲ್ಲಿ ನೀರು ತಡೆಯುತ್ತದೆ ಎಂದು ಅವನು ಹೇಳದೆ ಉಳಿದ ನಾಲ್ವರ ಕೈ ಓಡುವಂತಿಲ್ಲ. ಆಮೇಲೆ ಮೆಕ್ಯಾನಿಕಲ್‌ನವರ ಫ್ಲೋಟು, ಎಲೆಕ್ಟ್ರಾನಿಕ್ಸ್‌ನವರ ಸೆನ್ಸರು, ಕೊನೆಗೆ ಮೊಬೈಲಿಗೆ ಮೆಸೇಜು.

ಅದಕ್ಕೆ ಹೊಸ ಕಿಟ್ಟೂ ಬೇಡ. ಹಳೇ ಗಾಡಿಯ ಪೆಟ್ರೋಲ್ ಟ್ಯಾಂಕಿನ ಫ್ಲೋಟು, ರೆಸಿಸ್ಟರ್ ಸಮೇತ, ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ. ಚೌಕಾಸಿ ಮಾಡಲು ಯಾವ ಬ್ರಾಂಚಿನವರಾದರೂ ಆದೀತು.